ರೈಟರ್ ಮೇಜು ಮತ್ತು ಬೀಟ್ ಪುಸ್ತಕ

(ಕಾರವಾರದಲ್ಲಿ ಬೀಟ್ ಸಮಿತಿ ಸದಸ್ಯರು ಮತ್ತು ಕಾಲೇಜು ವಿದ್ಯಾರ್ಥಿಗಳ ಎದುರು ಆಡಿದ ಮಾತಿನ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ವಿವರಗಳನ್ನು ಬರೆಯುವಾಗ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಪೊಲೀಸ್ ಠಾಣೆ ಅಂದಕೂಡಲೇ ನಮ್ಮ ಕಣ್ಣಿಗೆ ಬರುವುದು ಜೀಪು, ಲಾಠಿ, ಲಾಕಪ್ಪು. ನಿಜವಾಗಿ ಒಳಗೆ ಕಾಲಿಟ್ಟರೆ ಮೊದಲು ಸಿಗುವುದು ಒಂದು ಮೇಜು. ಅದರ ಮೇಲೆ ಉದ್ದುದ್ದ ರಿಜಿಸ್ಟರುಗಳು, ಒಂದು ಕಂಪ್ಯೂಟರು, ಪಕ್ಕದಲ್ಲಿ ಕರಕರ ಅನ್ನುವ ವೈರ್‌ಲೆಸ್ ಸೆಟ್ಟು. ಅಲ್ಲಿ ಕೂತವರು ಸ್ಟೇಷನ್ ರೈಟರ್, ಕಾಗದದ ಕನ್ನಡದಲ್ಲಿ ಠಾಣಾ ಬರಹಗಾರ. ಸಾಮಾನ್ಯವಾಗಿ ಒಬ್ಬ ಹೆಡ್ ಕಾನ್‌ಸ್ಟೆಬಲ್. ಇವತ್ತಿನ ಮಾತೆಲ್ಲ ಈ ಮೇಜಿನ ಸುತ್ತಲೇ.

ಜನಸಂಪರ್ಕ ಅಂದರೆ ಶಾಮಿಯಾನ, ಮೈಕು, ಗುಂಪು ಫೋಟೊ ಅನ್ನುವ ರೂಢಿ ಬಿದ್ದುಬಿಟ್ಟಿದೆ. ಜನರಿಗೂ ಪೊಲೀಸರಿಗೂ ಕೂಡಿಬರುವುದು, ಕೆಡುವುದು ಎರಡೂ ಈ ಮೇಜಿನ ಮೇಲೇ ಅನ್ನುವುದು ನನ್ನ ವಾದ. ಸಭೆಯಲ್ಲಿ ಒಬ್ಬರು ಎದ್ದುನಿಂತು ಹೇಳಿದ ಮಾತು ರಿಜಿಸ್ಟರಿಗೆ ಇಳಿಯಬೇಕು, ರಿಜಿಸ್ಟರಿನಿಂದ ಬೀಟ್ ಪೊಲೀಸರ, ಅಂದರೆ ಆ ಕೇರಿಯ ಹೊಣೆ ಹೊತ್ತ ಪೇದೆಯ, ಕೈಗೆ ಹೋಗಬೇಕು, ಅಲ್ಲಿಂದ ಉತ್ತರ ತಿರುಗಿ ಬರಬೇಕು. ಈ ದಾರಿ ಎಲ್ಲಾದರೂ ತುಂಡಾದರೆ ಆ ಸಭೆ ಚಹಾ-ಅವಲಕ್ಕಿಗೆ ಮುಗಿಯಿತು ಅಂತಲೇ ಲೆಕ್ಕ.

ಮೊದಲು ಯಾರು ಎಲ್ಲಿ ಅನ್ನುವುದು. ಬೆಂಗಳೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡದಲ್ಲಿ ಇರುವ ಕಮಿಷನರೇಟ್ ನಮ್ಮಲ್ಲಿಲ್ಲ. ಹನ್ನೆರಡು ತಾಲ್ಲೂಕಿನ ಉತ್ತರ ಕನ್ನಡ ಜಿಲ್ಲೆಗೆಲ್ಲ ಕಾರವಾರದಲ್ಲಿ ಕೂತ ಎಸ್ಪಿಯೇ ಮುಖ್ಯಸ್ಥರು. ಅವರ ಕೆಳಗೆ ಉಪವಿಭಾಗಕ್ಕೆ ಡಿವೈಎಸ್ಪಿ, ಆಮೇಲೆ ಇನ್‌ಸ್ಪೆಕ್ಟರ್, ಪಿಎಸ್‌ಐ. ಕಾರವಾರ ನಗರ ಠಾಣೆ, ಶಿರಸಿಯ ಹೊಸ ಮಾರುಕಟ್ಟೆ ಠಾಣೆ ಇವೆಲ್ಲ ಈ ಸಾಲಿಗೆ ಸೇರಿದವು. ಸಮುದ್ರದ ಕಡೆಯದು ಕರಾವಳಿ ಕಾವಲು ಪೊಲೀಸ್. ರಾಜ್ಯದಲ್ಲಿರುವ ಅವರ ಒಂಬತ್ತು ಠಾಣೆಗಳಲ್ಲಿ ಐದು ನಮ್ಮ ಜಿಲ್ಲೆಯಲ್ಲೇ ಇವೆ: ಕಾರವಾರ, ಬೇಲೆಕೇರಿ, ಕುಮಟಾ, ಹೊನ್ನಾವರ, ಭಟ್ಕಳ. ಅವರ ಸಹಾಯವಾಣಿ 1093. ಆನ್‌ಲೈನ್ ಮೋಸ, ಮಾದಕವಸ್ತುವಿನಂಥ ಪ್ರಕರಣಗಳಿಗೆ ಸಿಇಎನ್ ಠಾಣೆ ಕಾರವಾರದಲ್ಲಿದೆ. ತುರ್ತಿಗೆ ಎಲ್ಲಿಂದಾದರೂ 112.

ಇನ್ನೂ ಒಂದು ವರ್ಗ ಇದೆ, ಜನರ ಕಣ್ಣಿಗೆ ಬೀಳದ್ದು. ಎಸ್ಪಿ ಕಚೇರಿಯ ಆಡಳಿತಾಧಿಕಾರಿ, ಶಾಖಾ ಅಧೀಕ್ಷಕರು, ಪ್ರಥಮ ದರ್ಜೆ, ದ್ವಿತೀಯ ದರ್ಜೆ ಸಹಾಯಕರು. ಇವರು ಖಾಕಿ ತೊಡುವವರಲ್ಲ. ಸಂಬಳದ ಬಿಲ್ಲು, ರಜೆ, ವರ್ಗಾವಣೆ, ವಾಹನದ ಡೀಸೆಲ್ ಲೆಕ್ಕ, ಟಪಾಲು, ಇವೆಲ್ಲ ಇವರ ಕೈಯಲ್ಲಿ. ಇವರ ಮೇಜಿನಲ್ಲಿ ಒಂದು ಡೀಸೆಲ್ ಬಿಲ್ಲು ಎರಡು ತಿಂಗಳು ಕೂತಿತು ಅಂದರೆ ಹಳ್ಳಿಗೆ ಬರಬೇಕಾದ ರಾತ್ರಿ ಗಸ್ತು ಹೆದ್ದಾರಿಯಲ್ಲೇ ತಿರುಗಿ ವಾಪಸು ಹೋಗುತ್ತದೆ. ಯಾರೂ ಈ ಎರಡನ್ನು ಜೋಡಿಸಿ ನೋಡುವುದಿಲ್ಲ.

ಈಗ ಮೇಜಿಗೆ ಬರೋಣ. ಕಾರವಾರದ ಮೀನು ಮಾರ್ಕೆಟಿನಿಂದ ಒಬ್ಬ ಹೆಂಗಸು ಠಾಣೆಗೆ ಬಂದಿದ್ದಾರೆ ಅಂತ ಇಟ್ಟುಕೊಳ್ಳಿ.

“ಏನಾಯ್ತು ಅಕ್ಕಾ?”

“ಮೊಬೈಲು ಕಳೆದೋಯ್ತು ಸರ್.”

“ಕಳೆದೋಯ್ತೋ, ಯಾರಾದರೂ ಎತ್ತಿದರೋ?”

“ಬುಟ್ಟಿ ಪಕ್ಕ ಇಟ್ಟಿದ್ದೆ. ಗಿರಾಕಿಗೆ ಬಂಗಡೆ ಎಣಿಸಿ ಕೊಟ್ಟು ತಿರುಗುವುದರೊಳಗೆ ಇರಲಿಲ್ಲ.”

ಇಲ್ಲಿ ರೈಟರ್ ಎರಡನೇ ಪ್ರಶ್ನೆ ಕೇಳಿದ್ದರಿಂದ ವಿಷಯ ಬದಲಾಯಿತು. ಮಾತಿನಲ್ಲಿ ನಾವು ಎರಡಕ್ಕೂ ‘ಕಳೆದೋಯ್ತು’ ಅನ್ನುತ್ತೇವೆ. ಕಾಗದದಲ್ಲಿ ‘ಕಳೆದುಹೋಗಿದೆ’ ಬೇರೆ, ‘ಕಳವಾಗಿದೆ’ ಬೇರೆ. ಬಸ್ಸಿನಲ್ಲಿ ಮರೆತು ಇಳಿದ ಫೋನಿಗೆ, ಜೇಬಿನಿಂದ ಬಿದ್ದ ಲೈಸೆನ್ಸಿಗೆ ಕರ್ನಾಟಕ ಪೊಲೀಸರ ಆ್ಯಪ್‌ನಲ್ಲಿ ಇ-ಲಾಸ್ಟ್ ವರದಿ ಸಾಕು, ಠಾಣೆಗೆ ಬರುವುದೇ ಬೇಡ. ಅದರ ಪ್ರತಿ ತೋರಿಸಿ ನಕಲು ದಾಖಲೆ ಕೇಳಬಹುದು. ಆದರೆ ಅದು ಎಫ್‌ಐಆರ್ ಅಲ್ಲ, ಅದರ ಮೇಲೆ ತನಿಖೆ ನಡೆಯುವುದಿಲ್ಲ. ಬುಟ್ಟಿ ಪಕ್ಕದಿಂದ ಮಾಯವಾದ ಫೋನು ಕಳವು. ಅದನ್ನು ಇ-ಲಾಸ್ಟ್‌ಗೆ ಹಾಕಿ ಕಳಿಸಿದರೆ ಮೇಜಿನ ಕೆಲಸ ಹಗುರಾಯಿತು, ಠಾಣೆಯ ಅಪರಾಧ ಪಟ್ಟಿಯೂ ಚಂದ ಕಂಡಿತು, ಆದರೆ ಅದೇ ಮಾರ್ಕೆಟಿನಲ್ಲಿ ವಾರಕ್ಕೆ ನಾಲ್ಕು ಫೋನು ಹೋಗುತ್ತಿದೆ ಅನ್ನುವುದು ಯಾವ ಪುಸ್ತಕದಲ್ಲೂ ಕಾಣುವುದಿಲ್ಲ. ಕಾಣದ ಕಡೆ ಬೀಟ್ ಹಾಕುವವರು ಯಾರು?

ಫೋನಿನ ವಿಷಯ ಬಂದಾಗಲೇ ಅದರ ಮುಂದಿನ ಹೆಜ್ಜೆಯನ್ನೂ ಹೇಳಿಬಿಡುತ್ತೇನೆ. ದೂರಿನ ಪ್ರತಿ ಕೈಗೆ ಸಿಕ್ಕಮೇಲೆ ಅದೇ ನಂಬರಿನ ಹೊಸ ಸಿಮ್ ತೆಗೆಸಿ. ಸಿಮ್ ಬದಲಾದ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ. ಒಟಿಪಿ ಬರಲಿಲ್ಲ ಅಂತ ಗಾಬರಿಬಿದ್ದು ಮತ್ತೆ ಅಂಗಡಿಗೆ ಓಡುವವರೇ ಹೆಚ್ಚು. ಒಂದು ದಿನ ಕಾಯ್ದು, ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲಿನ ಸಿಇಐಆರ್ ವಿಭಾಗದಲ್ಲಿ ಫೋನಿನ 15 ಅಂಕಿಯ ಐಎಂಇಐ ನಂಬರು, ದೂರಿನ ಪ್ರತಿ, ಖರೀದಿ ಬಿಲ್ಲು ಹಾಕಿದರೆ ಆ ಫೋನು ದೇಶದ ಯಾವ ನೆಟ್‌ವರ್ಕಿನಲ್ಲೂ ನಡೆಯದಂತೆ ತಡೆಯಬಹುದು. ಐಎಂಇಐ ತಿಳಿಯಲು *#06# ಒತ್ತಿ ಅನ್ನುತ್ತಾರೆ. ಫೋನೇ ಹೋದಮೇಲೆ ಎಲ್ಲಿ ಒತ್ತುವುದು? ಇವತ್ತು ರಾತ್ರಿ ಮನೆಗೆ ಹೋಗಿ ಒತ್ತಿ, ನಂಬರನ್ನು ಕ್ಯಾಲೆಂಡರಿನ ಹಿಂದೆ ಬರೆದಿಡಿ. ಎರಡು ಸಿಮ್ಮಿನ ಫೋನಿಗೆ ಎರಡು ನಂಬರು ಇರುತ್ತವೆ, ಎರಡನ್ನೂ ಬರೆಯಿರಿ. ಫೋನು ಸಿಕ್ಕಮೇಲೆ ಅದೇ ಪೋರ್ಟಲಿನಲ್ಲಿ ತಡೆ ತೆಗೆಸುವುದನ್ನೂ ಮರೆಯಬೇಡಿ. ತೆಗೆಸದೆ ‘ಪೊಲೀಸರು ಹಾಳು ಫೋನು ಕೊಟ್ಟರು’ ಅನ್ನುವವರಿದ್ದಾರೆ.

ದೂರು ಬರೆಯುವ ಬಗೆ. 2024ರ ಜುಲೈ 1ರಿಂದ ಸಿಆರ್‌ಪಿಸಿ ಅನ್ನುವ ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಮೊದಲಿನ 154ನೇ ಕಲಮು ಈಗ 173. ಬಾಯಿಮಾತಿನಲ್ಲಿ ಹೇಳಿದರೂ ಠಾಣಾಧಿಕಾರಿ ಅದನ್ನು ಬರಹಕ್ಕೆ ಇಳಿಸಬೇಕು, ಓದಿ ಹೇಳಬೇಕು, ಆಮೇಲೆ ಸಹಿ ಪಡೆಯಬೇಕು, ಪ್ರತಿಯನ್ನು ಪುಕ್ಕಟೆ ಕೊಡಬೇಕು. ಈ ನಾಲ್ಕರಲ್ಲಿ ಜಾರುವುದು ಎರಡನೆಯದು. ನಮ್ಮ ಜಿಲ್ಲೆಯಲ್ಲಿ ಅದು ಸಣ್ಣ ವಿಷಯವಲ್ಲ. ಕಾರವಾರದಲ್ಲಿ ದೂರು ಹೇಳುವವರು ಕೊಂಕಣಿಯಲ್ಲಿ ಹೇಳುತ್ತಾರೆ, ಬರೆಯುವವರು ಕನ್ನಡದಲ್ಲಿ ಬರೆಯುತ್ತಾರೆ, ಬಯಲುಸೀಮೆಯಿಂದ ವರ್ಗವಾಗಿ ಬಂದ ರೈಟರಿಗೆ ಕೊಂಕಣಿ ಅರ್ಧ ತಿಳಿಯುತ್ತದೆ. ‘ಓದಿ ಹೇಳಲಾಗಿ ಸರಿ ಇದೆ’ ಅನ್ನುವ ಸಾಲು ಅಚ್ಚು ಹಾಕಿದಂತೆ ಕೊನೆಯಲ್ಲಿ ಬಂದೇ ಬರುತ್ತದೆ. ನಿಜಕ್ಕೂ ಓದಿ ಹೇಳಿದರೇ ಅನ್ನುವುದು ಒಂದೆರಡು ವರ್ಷ ಕಳೆದು ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವ ದಿನ ಬಯಲಾಗುತ್ತದೆ. ಠಾಣೆಯಲ್ಲೇ ಕೊಂಕಣಿ ಬಲ್ಲ ಒಬ್ಬ ಸಿಬ್ಬಂದಿಯನ್ನು ಕೂರಿಸಿಕೊಂಡು ಓದಿಸಿದರೆ ಹೆಚ್ಚೆಂದರೆ ಹತ್ತು ನಿಮಿಷ ಹಿಡಿದೀತು.

ಎಫ್‌ಐಆರ್ ನಮೂನೆಯಲ್ಲಿ ಜನ ಗಮನಿಸದ ಕೆಲವು ಕಾಲಂ ಇವೆ. ಕೃತ್ಯ ನಡೆದ ವೇಳೆ ಒಂದು ಕಡೆ, ಠಾಣೆಗೆ ಮಾಹಿತಿ ಬಂದ ವೇಳೆ ಇನ್ನೊಂದು ಕಡೆ. ‘ನಿನ್ನೆ ರಾತ್ರಿ ಒಂದು ಗಂಟೆ’ ಅಂದರೆ ದಿನಾಂಕ ಯಾವುದು? ಹನ್ನೆರಡು ದಾಟಿದರೆ ತಾರೀಕು ಬದಲು. ಹೇಳುವವರಿಗೆ ನಿನ್ನೆ, ಕಾಗದಕ್ಕೆ ಇವತ್ತು. ಸ್ಥಳಕ್ಕೆ ಠಾಣೆಯಿಂದ ಯಾವ ದಿಕ್ಕಿಗೆ, ಎಷ್ಟು ದೂರ, ಬೀಟ್ ನಂಬರು ಎಷ್ಟು ಅಂತ ಕೇಳುತ್ತದೆ. ದೂರು ಕೊಡಲು ತಡವಾಗಿದ್ದರೆ ಕಾರಣ ಬರೆಯುವ ಕಾಲಂ ಒಂದಿದೆ. ಅದನ್ನು ಖಾಲಿ ಬಿಟ್ಟರೆ ಎದುರು ವಕೀಲರಿಗೆ ಹಬ್ಬ. ‘ಘಟ್ಟದಲ್ಲಿ ಮರ ಬಿದ್ದು ಬಸ್ಸಿರಲಿಲ್ಲ’, ‘ಗಾಯಾಳುವನ್ನು ಮೊದಲು ಆಸ್ಪತ್ರೆಗೆ ಸೇರಿಸಿದೆವು’ ಅನ್ನುವ ಒಂದು ಸಾಲು ಸಾಕು.

ಹೆಸರಿನ ತೊಡಕು ಶಿರಸಿ-ಸಿದ್ದಾಪುರ ಕಡೆ ಬೇರೆಯೇ ತರಹದ್ದು. ಒಂದೇ ಊರಿನಲ್ಲಿ ಐದು ಗಣಪತಿ ಹೆಗಡೆ, ನಾಲ್ಕು ಸುಬ್ರಾಯ ಭಟ್ಟ. ತಂದೆಯ ಹೆಸರು, ಕೇರಿಯ ಹೆಸರು ಬೇಕೇ ಬೇಕು. ಅಡಿಕೆ ಕಳವಾದರೆ ‘ಎರಡು ಚೀಲ ಅಡಿಕೆ’ ಅಂತ ಬರೆದು ಕೈತೊಳೆದುಕೊಳ್ಳಬೇಡಿ. ಚಾಲಿಯೋ, ರಾಶಿಯೋ, ಬೆಟ್ಟೆಯೋ, ಸಿಪ್ಪೆಗೋಟೋ? ತೂಕ ಎಷ್ಟು? ಚೀಲದ ಮೇಲೆ ಗುರುತು ಏನಿತ್ತು? ಅಂಗಳದಿಂದ ಹೋಯಿತೋ, ಅಟ್ಟದಿಂದಲೋ? ಜಾತಿಗೊಂದು ದರ ಇರುವುದರಿಂದ ಕಳವಾದ ಮಾಲಿನ ಬೆಲೆ ಅದರ ಮೇಲೇ ನಿಲ್ಲುತ್ತದೆ. ಕಳ್ಳ ಅದನ್ನು ಎಲ್ಲಿ ಮಾರಲು ಹೋಗಬಹುದು ಅನ್ನುವುದೂ ಅದರಿಂದಲೇ ಗೊತ್ತಾಗುವುದು.

ನಡೆದದ್ದು ಬೇರೆ ಠಾಣೆಯ ಹದ್ದಿನಲ್ಲಾದರೆ? ಮಡಗಾಂವ್ ದಾಟಿ ಬರುವಾಗ ರೈಲಿನಲ್ಲಿ ಬ್ಯಾಗು ಹೋಯಿತು, ಕಾರವಾರದಲ್ಲಿ ಇಳಿದಾಗ ಗೊತ್ತಾಯಿತು ಅನ್ನಿ. ‘ಅಲ್ಲಿಗೇ ಹೋಗಿ’ ಅನ್ನುವಂತಿಲ್ಲ. ಕೃತ್ಯ ಎಲ್ಲೇ ನಡೆದಿರಲಿ, ಮಾಹಿತಿ ದಾಖಲಿಸಬೇಕು ಅಂತ 173ನೇ ಕಲಮೇ ಹೇಳುತ್ತದೆ. ಸೊನ್ನೆ ನಂಬರಿನ ಎಫ್‌ಐಆರ್ ಮಾಡಿ ಸಂಬಂಧಪಟ್ಟ ಠಾಣೆಗೆ ಕಳಿಸುತ್ತಾರೆ. ಇ-ಮೇಲಿನಂಥ ವಿದ್ಯುನ್ಮಾನ ದಾರಿಯಲ್ಲಿ ದೂರು ಕಳಿಸಿದರೆ ಮೂರು ದಿನದೊಳಗೆ ಬಂದು ಸಹಿ ಹಾಕಬೇಕು. ಈ ಮೂರು ದಿನದ ಮಾತು ತಿಳಿಯದೆ ‘ಮೇಲ್ ಮಾಡಿದ್ದೇನೆ, ಆಯಿತು’ ಅಂತ ಕೂತವರ ದೂರು ಅಲ್ಲೇ ಉಳಿಯುತ್ತದೆ. ಠಾಣೆ ದಾಖಲಿಸಲು ಒಪ್ಪದಿದ್ದರೆ ಎಸ್ಪಿಗೆ ಲಿಖಿತವಾಗಿ, ಅಂಚೆಯಲ್ಲಾದರೂ, ಕಳಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ, ಡಿವೈಎಸ್ಪಿ ಅನುಮತಿ ಪಡೆದು, 14 ದಿನದೊಳಗೆ ಮುಗಿಯುವ ಪ್ರಾಥಮಿಕ ವಿಚಾರಣೆಗೆ ಅವಕಾಶ ಇದೆ. ‘ವಿಚಾರಣೆ ನಡೀತಾ ಇದೆ’ ಅನ್ನುವ ಮಾತು ಹದಿನೈದನೇ ದಿನವೂ ಕೇಳಿಸಿದರೆ ಎದುರು ಪ್ರಶ್ನೆ ಕೇಳಲು ನಿಮಗೆ ಆಧಾರ ಇದೆ. ತನಿಖೆ ಎಲ್ಲಿಗೆ ಬಂತು ಅನ್ನುವುದನ್ನು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು ಅಂತಲೂ 193ನೇ ಕಲಮಿನಲ್ಲಿದೆ. ಒಳ್ಳೆಯ ರೈಟರ್ ಈ ತಾರೀಕುಗಳನ್ನು ಮೇಜಿನ ಗಾಜಿನ ಕೆಳಗೆ ಬರೆದಿಟ್ಟಿರುತ್ತಾರೆ.

ಹಣದ ಮೋಸದಲ್ಲಿ ಮಾತ್ರ ಈ ಕ್ರಮ ತಿರುಗುಮುರುಗು. ಮೊದಲು ಫೋನು, ಆಮೇಲೆ ಕಾಗದ. ಖಾತೆಯಿಂದ ಹಣ ಹೋದದ್ದು ತಿಳಿದ ಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಶಿರಸಿಯವರು ಸಿಇಎನ್ ಠಾಣೆ ಕಾರವಾರದಲ್ಲಿದೆ ಅಂತ ಬೆಳಗಿನ ಬಸ್ಸು ಹಿಡಿದು ದೇವಿಮನೆ ಘಟ್ಟ ಇಳಿಯುವಷ್ಟರಲ್ಲಿ ಹಣ ನಾಲ್ಕೈದು ಖಾತೆ ದಾಟಿ ಎಟಿಎಮ್ಮಿನಿಂದ ಹೊರಗೆ ಬಂದಿರುತ್ತದೆ. ಕರೆ ಮಾಡುವಾಗ ಕೈಯಲ್ಲಿರಬೇಕಾದದ್ದು ಇಷ್ಟು: ಬ್ಯಾಂಕು, ಖಾತೆ ಸಂಖ್ಯೆ, ಹೋದ ಮೊತ್ತ, ದಿನ-ವೇಳೆ, ವಹಿವಾಟಿನ ಸಂಖ್ಯೆ. ಯುಪಿಐನಲ್ಲಿ ಅದು 12 ಅಂಕಿ. ಸ್ಕ್ರೀನ್‌ಶಾಟ್ ತೆಗೆಯುವಾಗ ಎಲ್ಲರೂ ಕತ್ತರಿಸಿ ಬಿಡುವುದು ಇದೇ ಸಾಲನ್ನು. ಹಣ ಹಲವು ಕಂತಿನಲ್ಲಿ ಹೋಗಿದ್ದರೆ ಪ್ರತಿಯೊಂದರ ಸಂಖ್ಯೆಯೂ ಬೇಕು, ಯಾಕೆಂದರೆ ತಡೆ ಬೀಳುವುದು ಒಂದೊಂದು ವಹಿವಾಟಿನ ಜಾಡು ಹಿಡಿದು. ಕರೆಯ ಕೊನೆಗೆ ಬರುವ ಸ್ವೀಕೃತಿ ಸಂಖ್ಯೆ ಇಟ್ಟುಕೊಂಡು ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ಪೂರ್ತಿಮಾಡಿ, ಆಮೇಲೆ ಹತ್ತಿರದ ಠಾಣೆಗೆ ಬನ್ನಿ. ತಡೆಹಿಡಿದ ಹಣ ತಾನಾಗಿ ಖಾತೆಗೆ ವಾಪಸು ಬೀಳುವುದಿಲ್ಲ, ಅದಕ್ಕೆ ಮುಂದಿನ ಕ್ರಮ ಬೇರೆ ಇದೆ. ಆದ್ದರಿಂದ ‘ಹೋಲ್ಡ್ ಆಗಿದೆಯಂತೆ’ ಅಂತ ನೆಮ್ಮದಿಯಿಂದ ಮನೆಯಲ್ಲಿ ಕೂರಬೇಡಿ. ಇನ್ನೊಂದು: ಪೊಲೀಸರ ಸೋಗಿನಲ್ಲಿ ವಿಡಿಯೊ ಕರೆ ಮಾಡಿ, ‘ಬಂಧಿಸಿದ್ದೇವೆ’ ಅಂತ ಹೆದರಿಸಿ ಹಣ ಕೀಳುವವರಿದ್ದಾರೆ. ವಿಡಿಯೊ ಕರೆಯಲ್ಲಿ ಬಂಧಿಸುವ ಅಧಿಕಾರ ನಮ್ಮ ಯಾವ ಕಾನೂನಿನಲ್ಲೂ ಯಾವ ಪೊಲೀಸರಿಗೂ ಇಲ್ಲ. ಮಕ್ಕಳೆಲ್ಲ ಬೆಂಗಳೂರು ಸೇರಿ, ತೋಟದ ಮನೆಯಲ್ಲಿ ಇಬ್ಬರೇ ಉಳಿದ ಹಿರಿಯರಿಗೆ ಈ ಒಂದು ವಾಕ್ಯವನ್ನು ಬೀಟ್ ಪೊಲೀಸರು ಹೋದಾಗಲೆಲ್ಲ ಹೇಳಬೇಕು.

ಎಫ್‌ಐಆರ್ ಆಗದ ವಿಷಯಗಳೇ ಮೇಜಿಗೆ ಹೆಚ್ಚು ಬರುವುದು. ಬೇಲಿ ತಗಾದೆ, ದಾರಿ ತಗಾದೆ, ನೆರೆಮನೆಯ ನಾಯಿ, ಕುಡಿದು ಬಯ್ಯುವ ಅಣ್ಣ. ಇವು ಅರ್ಜಿಯಾಗಿ ಬರುತ್ತವೆ. ಠಾಣೆಗೆ ಕೊಟ್ಟ ಅರ್ಜಿಗೆ ಅಲ್ಲೇ ಸ್ವೀಕೃತಿ ಕೊಡಬೇಕು. ಎಸ್ಪಿ ಕಚೇರಿಗೆ ಕೊಟ್ಟ ಅರ್ಜಿಯ ಪಯಣ ನೋಡಿ: ಬಂದ ಕಾಗದ ನಮೂದಿಸುವ ಆವಕ ಪುಸ್ತಕದಲ್ಲಿ ನಂಬರು ಬೀಳುತ್ತದೆ, ‘ಪರಿಶೀಲಿಸಿ ವರದಿ ಸಲ್ಲಿಸಿ’ ಅಂತ ಡಿವೈಎಸ್ಪಿಗೆ, ಅಲ್ಲಿಂದ ಅದೇ ಮಾತು ಬರೆದುಕೊಂಡು ಇನ್‌ಸ್ಪೆಕ್ಟರಿಗೆ, ಪಿಎಸ್‌ಐಗೆ, ಕೊನೆಗೆ ಒಬ್ಬ ಎಎಸ್‌ಐ ಕೈಗೆ. ಅವರು ಎರಡೂ ಕಡೆಯವರನ್ನು ಕರೆಸಿ ಹೇಳಿಕೆ ಬರೆದು ವರದಿ ಹಾಕಿದರೆ ಅದು ಬಂದ ದಾರಿಯಲ್ಲೇ ಮೇಲೆ ಹತ್ತಬೇಕು. ಪ್ರತಿ ಮೆಟ್ಟಿಲಿಗೂ ಒಂದು ಹೊದಿಕೆ ಪತ್ರ, ಒಂದು ಹೊಸ ನಂಬರು. ಕೊನೆಗೆ ಅರ್ಜಿದಾರರಿಗೆ ‘ಹಿಂಬರಹ’ ಅನ್ನುವ ಒಂದು ಹಾಳೆ. ಏನು ಪರಿಶೀಲಿಸಿದರು, ಏನು ತೀರ್ಮಾನವಾಯಿತು, ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕಾದ ವಿಷಯವೇ, ಎಲ್ಲ ಅದರಲ್ಲಿ ಇರಬೇಕು.

ಜನರ ಸಿಟ್ಟು ಹುಟ್ಟುವುದು ಬಹಳ ಸಲ ಈ ಹಿಂಬರಹ ಕೈಸೇರದ ಕಾರಣಕ್ಕೆ. ಕೆಲಸ ಆಗಿರುತ್ತದೆ, ಎಎಸ್‌ಐ ಬಂದು ಹೋಗಿರುತ್ತಾರೆ, ವರದಿಯೂ ಮೇಲೆ ತಲುಪಿರುತ್ತದೆ, ಕೊನೆಯ ಹಾಳೆ ಮಾತ್ರ ಕಡತದಲ್ಲೇ ಉಳಿದುಬಿಡುತ್ತದೆ. ಆಗ ಅರ್ಜಿದಾರರು ಅದೇ ವಿಷಯಕ್ಕೆ ಐಜಿಪಿಗೆ, ಮಂತ್ರಿಗಳಿಗೆ, ಮಾನವ ಹಕ್ಕು ಆಯೋಗಕ್ಕೆ ಹೊಸ ಅರ್ಜಿ ಹಾಕುತ್ತಾರೆ. ಮೂರೂ ತಿರುಗಿ ಬಂದು ಬೀಳುವುದು ಅದೇ ಎಎಸ್‌ಐ ಮೇಜಿಗೆ. ಒಂದು ಹಾಳೆ ಉಳಿಸಲು ಹೋಗಿ ಮೂರು ಕಡತ! ಅರ್ಜಿದಾರರು ಮಾಡಬೇಕಾದ್ದು ಒಂದೇ: ಮೊದಲ ದಿನದ ಆವಕ ನಂಬರು ಮತ್ತು ತಾರೀಕನ್ನು ಬರೆದಿಟ್ಟುಕೊಳ್ಳುವುದು. ‘ಎರಡು ತಿಂಗಳ ಹಿಂದೆ ಕೊಟ್ಟಿದ್ದೆ’ ಅಂದರೆ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಹೇಳಿಕೆಗೆ ಕರೆಸುವ ವಿಷಯದಲ್ಲಿ ಒಂದು ಮಾತು. ತನಿಖೆಯಲ್ಲಿ ಸಾಕ್ಷಿಯಾಗಿ 15 ವರ್ಷದೊಳಗಿನ, 60 ದಾಟಿದ ಗಂಡಸರನ್ನು, ಹೆಂಗಸರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆಯವರನ್ನು ಅವರ ಮನೆ ಬಿಟ್ಟು ಬೇರೆಡೆಗೆ ಬನ್ನಿ ಅಂತ ಒತ್ತಾಯಿಸುವಂತಿಲ್ಲ. ಪೊಲೀಸರೇ ಅಲ್ಲಿಗೆ ಹೋಗಬೇಕು. ಫೋನಿನಲ್ಲಿ ‘ಸ್ವಲ್ಪ ಠಾಣೆ ಕಡೆ ಬಂದು ಹೋಗಿ’ ಅನ್ನುವ ರೂಢಿಯಲ್ಲಿ ಇದು ಮರೆತುಹೋಗುತ್ತದೆ.

ಇಲ್ಲಿ ಮಳೆಯ ಮಾತು ಬರಲೇಬೇಕು. ಜೂನ್ ಹಿಡಿದರೆ ನಮ್ಮ ಕಾಗದ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗುತ್ತದೆ. ರಿಜಿಸ್ಟರಿನ ರಟ್ಟಿಗೆ ಬೂಷ್ಟು. ಜೆಲ್ ಪೆನ್ನಿನಲ್ಲಿ ಬರೆದ ಪಂಚನಾಮೆಯ ಮೇಲೆ ನಾಲ್ಕು ಹನಿ ಬಿದ್ದರೆ ಪಂಚರ ಸಹಿ ನೀಲಿ ಮೋಡವಾಗುತ್ತದೆ. ಬಾಲ್‌ಪೆನ್ನೇ ಬಳಸಬೇಕು. ಮುದ್ದೆಮಾಲಿನ, ಅಂದರೆ ಪ್ರಕರಣದಲ್ಲಿ ವಶಪಡಿಸಿಕೊಂಡ ವಸ್ತುವಿನ, ಚೀಟಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಯೇ ಕಟ್ಟಬೇಕು. ರಕ್ತ ಹತ್ತಿದ ಬಟ್ಟೆಯನ್ನು ಮಾತ್ರ ಪ್ಲಾಸ್ಟಿಕ್ಕಿಗೆ ಹಾಕಬಾರದು. ನೆರಳಲ್ಲಿ ಒಣಗಿಸಿ ಕಾಗದದ ಲಕೋಟೆಗೆ. ಇಲ್ಲದಿದ್ದರೆ ಪ್ರಯೋಗಾಲಯ ಮುಟ್ಟುವುದರೊಳಗೆ ಕೊಳೆತಿರುತ್ತದೆ. ಉಪ್ಪುಗಾಳಿಗೆ ಠಾಣೆಯ ಅಂಗಳದ ಜಪ್ತಿ ಬೈಕುಗಳು ಎರಡು ಮಳೆಗಾಲದಲ್ಲಿ ಜರಡಿಯಾಗುತ್ತವೆ. ಹೊಸ ಸಂಹಿತೆಯ 497ನೇ ಕಲಮಿನಲ್ಲಿ ಫೋಟೊ, ವಿಡಿಯೊ ತೆಗೆದು ಮಾಲನ್ನು ಬೇಗ ವಿಲೇವಾರಿ ಮಾಡುವ ದಾರಿ ಇದೆ. ವಾಹನದ ಮಾಲೀಕರು ಆರ್‌ಸಿ, ವಿಮೆ ಹಿಡಿದು ನ್ಯಾಯಾಲಯಕ್ಕೆ ಅರ್ಜಿ ಹಾಕಿದರೆ ಆಗುವ ಕೆಲಸ. ಹಾಕದೆ ಠಾಣೆ ಮುಂದೆ ನಿಂತು ನಿಟ್ಟುಸಿರು ಬಿಟ್ಟರೆ ಏನೂ ಆಗದು.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಕುಸಿಯಿತು. ಗಂಗಾವಳಿಯಲ್ಲಿ ಹುಡುಕಾಟ ಸೆಪ್ಟೆಂಬರಿನವರೆಗೂ ನಡೆಯಿತು. ಅಂಥ ಹೊತ್ತಿನಲ್ಲಿ ಮೇಜಿನ ಕೆಲಸ ಏನು ಅಂತ ಯೋಚಿಸಿ. ಕಾಣೆಯಾದವರ ಹೆಸರು, ವಾಹನದ ನಂಬರು, ಕೊನೆಯ ಕರೆ ಎಷ್ಟು ಹೊತ್ತಿಗೆ, ಯಾವ ಊರು ದಾಟಿದ್ದರು, ಕೇಳಿಕೊಂಡು ಬಂದವರಿಗೆ ಏನು ಸಂಬಂಧ, ಡಿಎನ್‌ಎ ಮಾದರಿ ಕೊಡಬಲ್ಲ ರಕ್ತಸಂಬಂಧಿ ಯಾರು. ಇಷ್ಟೂ ಒಂದೇ ಪಟ್ಟಿಯಲ್ಲಿ ಇರಬೇಕು. ಮೂರು ಇಲಾಖೆ ಮೂರು ಪಟ್ಟಿ ಇಟ್ಟರೆ ಒಬ್ಬರೇ ಮೂವರಾಗುತ್ತಾರೆ, ಅಥವಾ ಒಬ್ಬರು ಯಾವ ಪಟ್ಟಿಗೂ ಸೇರದೆ ಹೋಗುತ್ತಾರೆ. ಕುಟುಂಬದವರಿಗೆ ಒಂದೇ ಫೋನ್ ನಂಬರು, ದಿನಕ್ಕೆ ಎರಡು ಸಲ ನಿಗದಿತ ವೇಳೆಗೆ ಮಾಹಿತಿ. ಹೇಳಲು ಹೊಸದೇನೂ ಇಲ್ಲದ ದಿನವೂ ಆ ವೇಳೆ ತಪ್ಪಬಾರದು.

ಇನ್ನು ಬೀಟ್. ಠಾಣೆಯ ಹದ್ದನ್ನು ಬೀಟುಗಳಾಗಿ ಹಂಚಿ ಒಂದೊಂದಕ್ಕೆ ಒಬ್ಬ ಪೇದೆಯನ್ನು ಹೊಣೆ ಮಾಡುವ ಪದ್ಧತಿ ರಾಜ್ಯದಲ್ಲಿ 2017ರಿಂದ ಗಟ್ಟಿಯಾಯಿತು. 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಶುರುವಾಯಿತು. ಹೆಸರುಗಳು ಬದಲಾಗುತ್ತವೆ. ಬೀಟ್ ಪೊಲೀಸರ ಪುಸ್ತಕದಲ್ಲಿ ಏನಿದೆ ಅನ್ನುವುದೇ ಕೊನೆಗೂ ಲೆಕ್ಕಕ್ಕೆ ಬರುವುದು. ಒಂಟಿ ಹಿರಿಯರ ಮನೆ, ಅವರ ಮಕ್ಕಳ ಫೋನು, ಎಟಿಎಂ, ಹಾಸ್ಟೆಲು, ಹೋಂಸ್ಟೇ, ದೇವಸ್ಥಾನದ ಹುಂಡಿ, ಅಡಿಕೆ ಒಣಗುವ ಅಂಗಳಗಳು, ಬೀದಿದೀಪ ಇಲ್ಲದ ತಿರುವು, ಮೊಬೈಲ್ ಸಿಗ್ನಲ್ ಸಿಗದ ಜಾಗ. ಕೊನೆಯದನ್ನು ಘಟ್ಟದ ಮೇಲೆ ಯಾರೂ ಬರೆದಿಡುವುದಿಲ್ಲ, 112 ಆ್ಯಪ್ ಹಾಕಿಕೊಳ್ಳಿ ಅಂತ ಮಾತ್ರ ಹೇಳಿ ಬರುತ್ತಾರೆ. ಸಿಗ್ನಲ್ ಇಲ್ಲದ ಕೇರಿಯಲ್ಲಿ ಯಾರ ಮನೆಯಲ್ಲಿ ಲ್ಯಾಂಡ್‌ಲೈನೋ ವೈಫೈಯೋ ಇದೆ ಅನ್ನುವುದು ಬೀಟ್ ಪುಸ್ತಕದ ಮೊದಲ ಹಾಳೆಯಲ್ಲಿರಬೇಕು.

ಮನೆಗೆ ಬೀಗ ಹಾಕಿ ಹೋಗುವವರು ಠಾಣೆಗೆ ತಿಳಿಸಿ ಅನ್ನುತ್ತಾರಲ್ಲ, ತಿಳಿಸುವಾಗ ಹೊರಡುವ ದಿನ, ಬರುವ ದಿನ, ನಿಮ್ಮ ಫೋನು, ಪಕ್ಕದ ಮನೆಯವರ ಫೋನು, ಒಳಗೆ ದೀಪ ಉರಿಯುತ್ತಿರುತ್ತದೋ ಇಲ್ಲವೋ, ಇಷ್ಟನ್ನು ಹೇಳಿ. ಬೇಗ ಬಂದರೆ ಅದನ್ನೂ ತಿಳಿಸಿ. ಇಲ್ಲವಾದರೆ ರಾತ್ರಿ ಒಂದಕ್ಕೆ ನಿಮ್ಮದೇ ಬಾಗಿಲಿಗೆ ಟಾರ್ಚು ಬೀಳುತ್ತದೆ. ಬೀಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾತ್ರ ಹಾಕಬೇಡಿ ಮಾರಾಯ್ರೆ. ನೂರೈವತ್ತು ಜನರಿಗೆ ‘ನಮ್ಮ ಮನೆ ಹತ್ತು ದಿನ ಖಾಲಿ’ ಅಂತ ಡಂಗುರ ಸಾರಿದ ಹಾಗೆ.

ಆ ಗುಂಪಿನ ಬಗ್ಗೆಯೂ ಒಂದಿಷ್ಟು. ಠಾಣೆಯಿಂದ ಸೂಚನೆ ಹೋಗುವ ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವಂತಿರಲಿ. ಒಂದು ಸಂದೇಶಕ್ಕೆ ಒಂದೇ ವಿಷಯ, ಮೇಲೆ ತಾರೀಕು-ವೇಳೆ. ಕಾಣೆಯಾದ ಮಗುವಿನ ಫೋಟೊ ಹಾಕಿದವರೇ, ಮಗು ಸಿಕ್ಕಿದ ಕೂಡಲೇ ಅದನ್ನು ಅಳಿಸಿ ‘ಸಿಕ್ಕಿದೆ’ ಅಂತ ಹಾಕಬೇಕು. ಹಾಕದಿದ್ದರೆ ಆ ಫೋಟೊ ಮೂರು ವರ್ಷ ಊರೂರು ತಿರುಗುತ್ತದೆ. ಪ್ರಕರಣದಲ್ಲಿ ಸಿಕ್ಕಿಕೊಂಡ ಮಕ್ಕಳ ಗುರುತು, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ಅಪರಾಧ. ಒಳ್ಳೆಯ ಉದ್ದೇಶದಿಂದ ಫಾರ್ವರ್ಡ್ ಮಾಡಿದೆ ಅನ್ನುವುದು ಉತ್ತರವಾಗದು.

ಶಾಂತಿ ಸಮಿತಿ ಸಭೆ ನಿಮಗೆಲ್ಲ ಗೊತ್ತು. ಚೌತಿಗೆ ಮೊದಲು, ಈದ್‌ಗೆ ಮೊದಲು. ‘ಎಲ್ಲರೂ ಸೌಹಾರ್ದದಿಂದ ಆಚರಿಸೋಣ’ ಅನ್ನುವ ಭಾಷಣಕ್ಕೆ ಅರ್ಧ ಗಂಟೆ ಹೋಗುತ್ತದೆ. ಅದನ್ನು ಐದು ನಿಮಿಷಕ್ಕೆ ಇಳಿಸಿ, ಉಳಿದ ಹೊತ್ತನ್ನು ಒಂದು ತಖ್ತೆ ತುಂಬಲು ಕೊಡಿ. ಪೆಂಡಾಲು ಎಲ್ಲಿ, ರಸ್ತೆಯ ಎಷ್ಟು ಅಡಿ ಹಿಡಿಯುತ್ತದೆ, ಆಂಬುಲೆನ್ಸ್ ದಾಟುತ್ತದೆಯೇ, ಹೆಸ್ಕಾಂ ತಾತ್ಕಾಲಿಕ ವಿದ್ಯುತ್ ಸಂಪರ್ಕ ಕೊಟ್ಟಿದೆಯೇ, ರಾತ್ರಿ ಮೂರ್ತಿಯ ಹತ್ತಿರ ಮಲಗುವವರು ಯಾರು, ವಿಸರ್ಜನೆ ಯಾವ ದಿನ, ಯಾವ ದಾರಿ. ಕಾರವಾರದಲ್ಲಿ ವಿಸರ್ಜನೆಯ ವೇಳೆಯನ್ನು ಭರತ-ಇಳಿತ ನೋಡಿಯೇ ಗೊತ್ತುಮಾಡಬೇಕು. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಒಂದೂವರೆ ದಿನದ ಮೂರ್ತಿಯನ್ನು ಎಂಟಕ್ಕೆ ಬಿಟ್ಟಿದ್ದೆವು ಅನ್ನುವುದು ಐದನೇ ದಿನದ ಮೂರ್ತಿಗೆ ಲೆಕ್ಕವಲ್ಲ. ಮೀನುಗಾರ ಸಮಾಜದ ಹಿರಿಯರು ಆ ಸಭೆಯಲ್ಲಿದ್ದರೆ ಕಾಗದ ನೋಡದೆ ಹೇಳುತ್ತಾರೆ. ಅವರನ್ನು ಕರೆಯಲೇ ಮರೆತಿರುತ್ತಾರೆ!

ಮೈಕಿನ ಗಲಾಟೆ ನಮ್ಮಲ್ಲಿ ಎಲ್ಲದಕ್ಕಿಂತ ಜೋರು, ಯಕ್ಷಗಾನದ ಕಾರಣಕ್ಕೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಇಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವರ್ಷದಲ್ಲಿ ಒಟ್ಟು 15 ದಿನದ ಮಿತಿಯೊಳಗೆ ರಾಜ್ಯ ಸರ್ಕಾರ ರಾತ್ರಿ 12ರವರೆಗೆ ಸಡಿಲಿಸಬಹುದು. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಯಕ್ಷಗಾನದ ಆಟಕ್ಕೆ ಅನುಮತಿ ಕೇಳುವವರು ಹಿಂದಿನ ದಿನ ಸಂಜೆ ಓಡಿಬರುತ್ತಾರೆ. ಠಾಣೆ ‘ಆಯ್ತು ನೋಡೋಣ’ ಅನ್ನುತ್ತದೆ. ರಾತ್ರಿ ಹನ್ನೊಂದಕ್ಕೆ ಯಾರೋ 112ಕ್ಕೆ ಕರೆ ಮಾಡುತ್ತಾರೆ, ಬಣ್ಣದ ವೇಷ ಪ್ರವೇಶಿಸುವ ಹೊತ್ತಿಗೆ ಸರಿಯಾಗಿ ಪೊಲೀಸರೂ ಪ್ರವೇಶಿಸುತ್ತಾರೆ! ಬಾಯಿಮಾತಿನ ಅನುಮತಿ ಅನ್ನುವುದು ಇಲ್ಲವೇ ಇಲ್ಲ ಅಂತ ಇಬ್ಬರೂ ತಿಳಿಯಬೇಕು. ವಾರ ಮುಂಚೆ ಅರ್ಜಿ, ಅನುಮತಿ ಪತ್ರದಲ್ಲಿ ವೇಳೆ ಮತ್ತು ಸ್ಪೀಕರ್ ಪೆಟ್ಟಿಗೆಗಳ ಸಂಖ್ಯೆ, ಒಂದು ಪ್ರತಿ ಬೀಟ್ ಪೊಲೀಸರಿಗೆ. ಕಾಲಮಿತಿ ಆಟ ಸಂಜೆಯೇ ಶುರುವಾದರೆ ತಕರಾರೇ ಇಲ್ಲ. ಕಲೆಯ ದೃಷ್ಟಿಯಿಂದ ಬೇಸರವಿದೆ, ಒಪ್ಪುತ್ತೇನೆ.

ಸಭೆ ಮುಗಿದಮೇಲೆ ನಡಾವಳಿ ಬರೆಯುವುದು ರೈಟರ್ ಕೆಲಸ. ‘ಹಲವು ವಿಷಯಗಳನ್ನು ಚರ್ಚಿಸಲಾಯಿತು’ ಅಂತ ಬರೆದರೆ ಕಾಗದ ದಂಡ. ಪ್ರತಿ ಸಾಲಿಗೂ ಹೇಳಿದವರು, ಜಾಗ, ಏನಾಗಬೇಕು, ಯಾರ ಪಾಲಿಗೆ, ಯಾವ ತಾರೀಕಿನೊಳಗೆ. ಬೀದಿದೀಪ ನಗರಸಭೆಗೆ ಸೇರಿದ್ದಾದರೆ ನಗರಸಭೆಗೆ ಪತ್ರ ಹೋದ ಜಾವಕ ನಂಬರನ್ನೂ ಅಲ್ಲೇ ಬರೆಯಬೇಕು. ಮುಂದಿನ ಸಭೆ ಆ ಹಾಳೆ ಓದುವುದರಿಂದಲೇ ಆರಂಭವಾಗಬೇಕು. ತಿಂಗಳಿಗೊಮ್ಮೆ ನಡೆಯುವ ಪರಿಶಿಷ್ಟ ಜಾತಿ, ಪಂಗಡದವರ ಕುಂದುಕೊರತೆ ಸಭೆಯಲ್ಲಿ ಅದೇ ವಿಷಯ ಆರನೇ ಸಲ ಕೇಳಿಸುವುದು ಹೇಳುವವರ ಹಟದಿಂದಲ್ಲ. ಹಿಂದಿನ ಐದೂ ಸಲ ಯಾರೂ ಬರೆದುಕೊಳ್ಳಲಿಲ್ಲ.

ಶಾಲೆಗಳ ‘ತೆರೆದ ಮನೆ’, ಎಂಟು-ಒಂಬತ್ತನೇ ತರಗತಿಯವರ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಇವೆಲ್ಲ ಚೆನ್ನಾಗಿವೆ. ಮಕ್ಕಳಿಗೆ ಬಂದೂಕು ತೋರಿಸಿ ಕಳಿಸುವ ಬದಲು ಒಂದು ಅಣಕು ದೂರು ಬರೆಸಿ. ಹತ್ತು ಮಕ್ಕಳಲ್ಲಿ ಎಂಟು ಮಂದಿ ತಾರೀಕೇ ಹಾಕಿರುವುದಿಲ್ಲ.

ಕೊನೆಯದಾಗಿ ಶಿರಸಿಯ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ, ಒಂಬತ್ತು ದಿನದ ಜಾತ್ರೆ. ಬಿಡಕಿಬೈಲಿನ ಗದ್ದುಗೆ ಸುತ್ತ ಆ ದಿನಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮೊಬೈಲ್ ಇದ್ದರೂ ಕರೆ ಹೋಗುವುದಿಲ್ಲ, ವೈರ್‌ಲೆಸ್ಸೇ ಗತಿ. ಸಹಾಯ ಕೇಂದ್ರದಲ್ಲಿ ಕೂರುವ ಸ್ವಯಂಸೇವಕರಿಗಾಗಿ ಇಷ್ಟು ಹೇಳುತ್ತೇನೆ. ಸಣ್ಣ ಮಕ್ಕಳ ಮುಂಗೈಗೆ ಕಾಗದದ ಪಟ್ಟಿ ಸುತ್ತಿ, ಮನೆಯವರ ಎರಡು ಫೋನ್ ನಂಬರು ಬರೆಯಿರಿ. ಮಗುವಿನ ಹೆಸರನ್ನು ಹೊರಗೆ ಕಾಣುವಂತೆ ಬರೆಯಬೇಡಿ, ಹೆಸರು ಹಿಡಿದು ಕರೆದವರ ಹಿಂದೆ ಮಗು ಹೋಗಿಬಿಡುತ್ತದೆ. ತಪ್ಪಿಸಿಕೊಂಡ ಮಗು ಸಿಕ್ಕಿದಾಗ ಮೈಕಿನಲ್ಲಿ ‘ನೀಲಿ ಅಂಗಿಯ ಹುಡುಗ’ ಅನ್ನಿ, ವಯಸ್ಸು ಅಂದಾಜು ಹೇಳಿ. ಅಮ್ಮನ ಹೆಸರು, ಜೇಬಿನಲ್ಲಿದ್ದ ಆಟಿಕೆ, ಕಾಲಿನ ಗೆಜ್ಜೆ, ಇವುಗಳಲ್ಲಿ ಒಂದನ್ನಾದರೂ ಬಾಯಿಬಿಡದೆ ಉಳಿಸಿಕೊಳ್ಳಿ. ಕೇಳಿಕೊಂಡು ಬಂದವರು ಅದನ್ನು ತಾವಾಗಿ ಹೇಳಬೇಕು. ಕೂಡಲೇ ಕೊಡಬೇಡಿ: ಗುರುತಿನ ಚೀಟಿ ನೋಡಿ, ಮಗು ಅವರನ್ನು ಕಂಡು ಏನು ಮಾಡುತ್ತದೆ ನೋಡಿ, ರಿಜಿಸ್ಟರಿನಲ್ಲಿ ವೇಳೆ ಹಾಕಿ ಸಹಿ ಪಡೆದು ಒಪ್ಪಿಸಿ. ಯಾರೂ ಬರದಿದ್ದರೆ ಮಗುವನ್ನು ರಾತ್ರಿ ಕೇಂದ್ರದಲ್ಲೇ ಮಲಗಿಸುವಂತಿಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು.

ಸಿಕ್ಕ ಪರ್ಸು, ಸರ, ಫೋನುಗಳನ್ನು ಆಯಾ ದಿನವೇ ಪಟ್ಟಿ ಮಾಡಿ ಠಾಣೆಗೆ ಕೊಡಿ. ಪರ್ಸಿನ ಹಣವನ್ನು ಇಬ್ಬರ ಎದುರು ಎಣಿಸಿ ನೋಟಿನ ಲೆಕ್ಕ ಬರೆಯಿರಿ. ವಾರಸುದಾರರು ತಿಳಿಯದ ಮಾಲಿಗೆ ನ್ಯಾಯಾಲಯ ಪ್ರಕಟಣೆ ಹೊರಡಿಸಿ ಆರು ತಿಂಗಳು ಕಾಯುತ್ತದೆ. ಚಪ್ಪಲಿ ಕಳೆದುಕೊಂಡು ಬಂದವರಿಗೆ ಮಾತ್ರ ಕೂರಲು ಹೇಳಿ, ನೀರು ಕೊಟ್ಟು ಕಳಿಸಿ. ಅದಕ್ಕೆ ನಮ್ಮಲ್ಲಿ ರಿಜಿಸ್ಟರ್ ಇಲ್ಲ.